ಎಂದೂ ಸೀಯದ ರೊಟ್ಟಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಗಡಿಯಾರ ಇನ್ನೂ ಹುಟ್ಟದೆ ಕೋಳಿ ಕೂಗಿದಾಗಲೇ ಬೆಳಗಾಗ್ತಿದ್ದ ಕಾಲದಲ್ಲಿ, ಏಳು ಕಡಲಿನ ಆಚೆ ಇಟಲಿ ಅಂತ ಒಂದು ದೇಶ ಇತ್ತಂತೆ. ಅಲ್ಲೊಂದು ಗುಡ್ಡ, ಗುಡ್ಡದ ನೆತ್ತಿ ಮೇಲೊಂದು ಊರು. ಆ ಊರಿನ ಹೆಸರು ಹೇಳೋಕೆ ಹೋದ್ರೆ ನಾಲಿಗೆ ಗಂಟು ಬೀಳುತ್ತೆ, ಗುಡ್ಡದೂರು ಅಂದ್ಕೋ ಸಾಕು. ಎಷ್ಟು ಎತ್ತರ ಅಂದ್ರೆ ಅಲ್ಲಿನ ಹೆಂಗಸರು ಒದ್ದೆ ಬಟ್ಟೆ ಹಿಂಡಿ ಮೋಡದ ಮೇಲೇ ಹರವ್ತಿದ್ದರಂತೆ, ಗಾಳಿ ಬಂದು ಮೋಡ ಪಕ್ಕದೂರಿಗೆ ಸರಿದ್ರೆ ಬಟ್ಟೆಗೋಸ್ಕರ ಎರಡೂರಿಗೂ ಜಗಳ ಆಗ್ತಿತ್ತಂತೆ. ನಗಬೇಡ ಮಗಾ, ನಿಜ. ಈ ಕತೇನ ಬೇರೆಯವರು ಹೇಳಿದ್ರೆ ನಂಬಬೇಡ, ಅವರಿಗೆ ಅರ್ಧ ಗೊತ್ತಿರಲ್ಲ, ಇನ್ನರ್ಧ ಸುಳ್ಳು ಸೇರಿಸ್ತಾರೆ. ಕಣ್ಣು ಮುಚ್ಕೊಂಡು ಇದನ್ನ ಕೇಳು.

ಆ ಊರಲ್ಲಿ ದುಚ್ಚೋ ಅಂತ ಒಬ್ಬ ಉಣ್ಣೆ ವ್ಯಾಪಾರಿ ಇದ್ದನಂತೆ. ಮೂರು ಅಂತಸ್ತಿನ ಕಲ್ಲಿನ ಮನೆ, ಕೆಳಗಡೆ ಉಣ್ಣೆ ಕೋಣೆ, ಉಣ್ಣೆ ಕೋಣೆ ತುಂಬ ಕರುವಿನ ಗಾತ್ರದ ಇಲಿಗಳು. ಮನೇಲಿ ಅವನ ತಾಯಿ ಅಗ್ನೇಸಾ, ಅವನ ಹೆಂಡತಿ ಲೂಚಿಯಾ. ತಿನ್ನೋಕೆ ಇತ್ತು, ಉಡೋಕೆ ಇತ್ತು, ಕೂತ ಕಡೆ ಕೂರೋ ಭಾಗ್ಯ ಒಂದು ಮಾತ್ರ ಅವನಿಗೆ ಇರಲಿಲ್ಲ. ಯಾಕೆ ಅಂದ್ರೆ ಸಂಶಯ. ಹೆಂಡತಿ ಚೆಲುವೆ, ಇವನಿಗೆ ಅವಳಿಗಿಂತ ವಯಸ್ಸು ಜಾಸ್ತಿ, ಹೊಟ್ಟೆಯೊಳಗೆ ಒಂದು ಇರುವೆ ಗೂಡೇ ಕಟ್ಟಿಕೊಂಡ ಹಾಗೆ ಹಗಲೆಲ್ಲ ಹರಿದಾಡೋದು. ಮದುವೆಯಾದ ವಾರದಲ್ಲೇ ಬೀದಿ ಕಡೆ ಕಿಟಕಿಗೆಲ್ಲ ಇಟ್ಟಿಗೆ ಇಟ್ಟು ಗಾರೆ ಮೆತ್ತಿಸಿದ. ಬೆಳಕಿಗೆ ಅಂತ ಹಿತ್ತಲ ಕಡೆ ಒಂದೇ ಒಂದು ಬಿಟ್ಟ, ಆಮೇಲೆ ಹಿತ್ತಲ ಗೋಡೆ ಮೇಲೆ ಒಂದು ಗಂಡು ಪಾರಿವಾಳ ಕೂತು ಗುಟುರ್ ಅಂದಿದ್ದು ಕೇಳಿಸಿ ಅದನ್ನೂ ಮುಚ್ಚಿಸಿದ. ಮನೇಲಿದ್ದ ಗಂಡು ಬೆಕ್ಕನ್ನ ಊರಾಚೆ ಬಿಟ್ಟು ಬಂದ, ಇಲಿ ಹೆಚ್ಚಿದ್ದು ಅದಕ್ಕೇ ಮತ್ತೆ. ಬೀದಿ ಮೂಲೇಲಿ ಒಬ್ಬ ಸಂತನ ಕಲ್ಲಿನ ಬೊಂಬೆ ಇತ್ತು, ಗಡ್ಡ ಬಿಟ್ಕೊಂಡು, ಕೈ ಎತ್ತಿ, ಊರಿಗೆಲ್ಲ ಒಳ್ಳೇದಾಗಲಿ ಅಂತ ನಿಂತಿತ್ತು. ಅದರ ಕಣ್ಣು ನಮ್ಮನೆ ಬಾಗಿಲ ಕಡೆಗೇ ಇದೆ ಅಂತ ಆಳುಗಳನ್ನ ಕರೆಸಿ, ಹಗ್ಗ ಹಾಕಿಸಿ, ಆ ಸಂತನ ಮುಖಾನ ಗೋಡೆ ಕಡೆ ತಿರುಗಿಸಿಬಿಟ್ಟ. ಅವತ್ತಿಂದ ಆ ಬೀದಿಯವರು ಸಂತನ ಬೆನ್ನಿಗೇ ಕೈ ಮುಗೀತಿದ್ದರಂತೆ.

ವ್ಯಾಪಾರಕ್ಕೆ ಅಂತ ಕುದುರೆ ಏರ್ತಿದ್ದ, ಊರ ಬಾಗಿಲು ಬರೋ ಹೊತ್ತಿಗೆ ಎದೆ ಢವಢವ ಅನ್ನೋದು, ಈಗ ಮನೆಗೆ ಯಾರು ಬಂದಿರಬಹುದು ಅಂತ. ತಿರುಗಿ ಓಡಿ ಬರ್ತಿದ್ದ. ಬರ್ತಾ ಬರ್ತಾ ಕುದುರೆಗೂ ಅದೇ ಅಭ್ಯಾಸ ಆಗಿ, ಬಾಗಿಲ ಹತ್ತಿರ ಹೋದ್ರೆ ತಾನೇ ತಿರುಗಿ ನಿಲ್ಲೋದಂತೆ. ಅಗ್ನೇಸಾ ಮುದುಕಿ ಬಾಯಿ ಜೋರು, ಹಂಗಿಸದೆ ಬಿಡ್ತಿರಲಿಲ್ಲ. ಏನೋ ಮಗನೆ, ಈ ಸಲ ಊರ ಬಾಗಿಲಿನವರೆಗೂ ಹೋಗಿದ್ಯಂತೆ, ದೂರ ಪ್ರಯಾಣ, ಕಾಲು ಒತ್ತಲೇನೋ ಅನ್ನೋಳು. ನಿಮ್ಮಪ್ಪನೂ ಹೀಗೇ ಕಣೋ, ನಾನು ಕೆಮ್ಮಿದ್ರೆ ಯಾರಿಗೆ ಸನ್ನೆ ಮಾಡಿದೆ ಅಂತ ಕೇಳೋನು, ನೆಗಡಿ ಆದ ತಿಂಗಳು ನಂಗೆ ಅನ್ನ ನೀರು ಸೇರಲಿಲ್ಲ ಅನ್ನೋಳು. ಅವನು ಕೇಳಿಸ್ಕೊಂಡ್ರೆ ತಾನೆ. ಅವಳು ಮಾತು ಮುಗಿಸೋದರೊಳಗೆ ಅಟ್ಟ ಹತ್ತಿ ಇಳಿದು ಬಂದಿರ್ತಿದ್ದ.

ಅವನ ಸಂಶಯಕ್ಕೆ ಆ ಊರೂ ಒಂದು ಕಾರಣ. ಗುಡ್ಡ ಇಳಿಯೋ ದಾರೀಲಿ ಮೂರು ಗೋರಿ ಇದ್ದವಂತೆ, ಒಂದೊಂದರಲ್ಲೂ ಇಬ್ಬಿಬ್ಬರು. ಮೊದಲನೇದರಲ್ಲಿ ಒಬ್ಬ ಸಾಹುಕಾರನ ಹೆಂಡತಿ ಮತ್ತು ಅವಳು ಮೆಚ್ಚಿದ ಹುಡುಗ, ಗಂಡ ಇಬ್ಬರನ್ನೂ ಗೋಪುರದ ಮೇಲಿಂದ ತಳ್ಳಿದ್ದ. ಎರಡನೇದರಲ್ಲಿ ಒಬ್ಬ ದಂಡನಾಯಕನ ಹೆಂಡತಿ ಮತ್ತು ಅವಳು ಮೆಚ್ಚಿದ ಹಾಡುಗಾರ, ಇಬ್ಬರನ್ನೂ ಗೋಡೆಯೊಳಗೆ ನಿಲ್ಲಿಸಿ ಗಾರೆ ಹಾಕಿದ್ದರು. ಮೂರನೇದರಲ್ಲಿದ್ದ ಜೋಡಿಗೆ ಒಂದೇ ಈಟಿ ಸಾಕಾಗಿತ್ತು. ಆ ದೇಶದಲ್ಲಿ ಹಾಡು ಅಂದ್ರೆಲ್ಲ ಇವೇ, ಮೆಚ್ಚಿದವರು ಸಾಯೋದು, ಗಂಡ ಮೀಸೆ ತಿರುವೋದು. ಮೂರು ಗೋರಿ ಪಕ್ಕ ನಾಲ್ಕನೇ ಗುಂಡಿ ಒಂದನ್ನ ಊರವರು ಮುಂಚೇನೇ ತೋಡಿಟ್ಟಿದ್ದರು, ಹೇಗೂ ಬೇಕಾಗುತ್ತೆ ಅಂತ. ಮದುವೆ ದಿನ ದುಚ್ಚೋ ದಿಬ್ಬಣಾನ ಅಲ್ಲೇ ನಿಲ್ಲಿಸಿ ಆ ಗುಂಡೀನ ಲೂಚಿಯಾಗೆ ತೋರಿಸಿದ್ದ. ಅವಳು ನೋಡಿದಳು, ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ ಯಾಕೆ ಅಂತ ಅವನಿಗೆ ಅವತ್ತಿಂದಲೇ ಯೋಚನೆ ಹತ್ತಿತ್ತು. ಹೆದರಬೇಡ ಮಗಾ, ಆ ಗುಂಡಿಗೆ ಏನು ಬೀಳುತ್ತೆ ಅಂತ ಕೊನೇಲಿ ಗೊತ್ತಾಗುತ್ತೆ.

ಈಗ ರೊಟ್ಟಿ ವಿಷಯ. ಅವರ ರೊಟ್ಟಿ ನಮ್ಮ ರೊಟ್ಟಿ ಅಲ್ಲ, ಗೋಧಿ ಹಿಟ್ಟನ್ನ ಹುಳಿ ಬರಿಸಿ, ಮುಷ್ಟಿ ಗಾತ್ರ ಉಂಡೆ ಕಟ್ಟಿ, ಕಾವಲ್ಲಿ ಉಬ್ಬಿಸಿ ಬೇಯಿಸೋದು, ಬನ್ನಿನ ಹಾಗೆ. ಸಾರಿಗೆ ಮನೇಲಿ ಸಣ್ಣ ಒಲೆ ಇತ್ತು, ಆದ್ರೆ ಮನೆ ಮನೇಲಿ ರೊಟ್ಟಿ ಒಲೆ ಹಚ್ಚಿದ್ರೆ ಊರಿಗೇ ಬೆಂಕಿ ಬಿದ್ದೀತು ಅಂತ ಊರಿಗೆಲ್ಲ ಸೇರಿ ಒಂದೇ ಒಲೆ. ಒಲೆ ಅಂದ್ರೆ ಏನು, ಮೂರು ಎತ್ತಿನ ಗಾಡಿ ಒಳಗೆ ಹೋಗಿ ತಿರುಗಿಸ್ಕೊಂಡು ಬರಬಹುದಿತ್ತಂತೆ. ಎಲ್ಲರೂ ಹಿಟ್ಟು ನಾದಿ, ಉಂಡೆ ಕಟ್ಟಿ, ಹಲಗೆ ಮೇಲೆ ಜೋಡಿಸಿ ಅಲ್ಲಿಗೆ ಕಳಿಸೋದು. ಯಾರದು ಯಾವುದು ಅಂತ ಗೊತ್ತಾಗೋಕೆ ಮನೆಗೊಂದು ಮರದ ಅಚ್ಚು, ಉಂಡೆ ಮೇಲೆ ಒತ್ತಿ ಕಳಿಸೋದು. ದುಚ್ಚೋ ಮನೇದು ಟಗರಿನ ಅಚ್ಚು. ಒಲೆಯವನಿಗೆ ಸಂಬಳ ಇಲ್ಲ, ಪ್ರತಿ ಹಲಗೆಯ ಮೂಲೇಲಿರೋ ಒಂದು ರೊಟ್ಟಿ ಅವನ ಪಾಲು.

ಆ ಅಚ್ಚಿಗೆ ಒಂದು ಕಟ್ಟಳೆ ಇತ್ತು, ಇದನ್ನ ಚೆನ್ನಾಗಿ ನೆನಪಿಟ್ಕೋ. ಮದುಮಗಳು ಹೊಸ್ತಿಲು ದಾಟುವಾಗ ಅತ್ತೆಯಾದವಳು ಮನೆ ಅಚ್ಚನ್ನ ಅವಳ ಕೈಗೆ ಇಡ್ತಾಳೆ. ಇಟ್ಟಳು ಅಂದ್ರೆ ಮದುವೆ ಆಯ್ತು, ಅವಳು ಆ ಮನೆಯವಳು. ಗಂಡಸರು ಅಚ್ಚು ಮುಟ್ಟೋ ಹಾಗಿಲ್ಲ. ಗಂಡ ಅನ್ನಿಸ್ಕೊಂಡವನು ತನ್ನ ಕೈಯಾರೆ ಹೆಂಡತಿ ಕೈಯಿಂದ ಅಚ್ಚು ತಗೊಂಡ ಅಂದ್ರೆ ಮದುವೆ ಮುರೀತು, ಹೋಗು ಅಂದ ಹಾಗೆ. ಅದಕ್ಕೆ ಆ ಊರಲ್ಲಿ ಗಂಡಸರು ಅಡುಗೆಮನೆಗೆ ಹೋದ್ರೆ ಕೈ ಎರಡನ್ನೂ ಬೆನ್ನಿಗೆ ಕಟ್ಕೊಂಡೇ ನಿಲ್ತಿದ್ದರಂತೆ.

ಆ ದೊಡ್ಡ ಒಲೆ ಕಾಯ್ತಿದ್ದವನು ವನ್ನಿ ಅಂತ ಒಬ್ಬ ಹುಡುಗ. ಮಹಾ ಜಂಬಗಾರ. ಕಣ್ಣು ಕಟ್ಟಿ ನಿಲ್ಲಿಸಿ, ವಾಸನೆ ಮೇಲೇ ಯಾರ ಮನೆ ರೊಟ್ಟಿ ಅಂತ ಹೇಳ್ತೀನಿ, ನಿನ್ನೆ ಅವರ ಮನೇಲಿ ಜಗಳ ಆಗಿತ್ತೋ ಇಲ್ವೋ ಅಂತಾನೂ ಹೇಳ್ತೀನಿ ಅನ್ನೋನು. ದುಚ್ಚೋಗೆ ಗೊತ್ತಿಲ್ಲದ ಒಂದು ಮಾತು ನಿಂಗೆ ಹೇಳ್ತೀನಿ, ಯಾರಿಗೂ ಹೇಳಬೇಡ. ಈ ವನ್ನಿ ಮೊದಲು ಲೂಚಿಯಾ ಅಪ್ಪನ ಹಿಟ್ಟಿನ ಗಿರಣೀಲಿ ಮೂಟೆ ಹೊರ್ತಿದ್ದ. ಇಬ್ಬರಿಗೂ ಮನಸ್ಸಿತ್ತು. ಅಪ್ಪ ಮೂರು ಅಂತಸ್ತಿನ ಮನೆ ನೋಡಿ ಮಗಳನ್ನ ದುಚ್ಚೋಗೆ ಕೊಟ್ಟುಬಿಟ್ಟ. ಆಮೇಲೆ ವನ್ನಿ ಊರ ಒಲೆ ಸೇರಿದ. ಮದುವೆಯಾದ ಮೇಲೆ ಇಬ್ಬರೂ ಒಂದು ಮಾತು ಆಡಿರಲಿಲ್ಲ, ಮುಖ ನೋಡಿರಲಿಲ್ಲ. ಆದ್ರೆ ಲೂಚಿಯಾ ಮೂಲೆ ರೊಟ್ಟಿಯ ಅಡಿಯಲ್ಲಿ ಹೆಬ್ಬೆರಳಿಂದ ಒಂದು ಗುಳಿ ಒತ್ತಿ ಕಳಿಸೋಳು. ವನ್ನಿ ಅದನ್ನ ತಿರುವಿ ನೋಡೋನು, ನೋಡಿ ಅವಳ ಹಲಗೆ ರೊಟ್ಟೀನ ಒಲೆಯ ನಟ್ಟನಡುವೆ, ಬೆಂಕಿ ನಾಲಿಗೆ ಮುಟ್ಟದ ಜಾಗದಲ್ಲಿ ಇಡೋನು. ಅಷ್ಟೇ. ಅವರಿಬ್ಬರ ಪ್ರೀತಿ ಅಂದ್ರೆ ಅಷ್ಟೇ ಇದ್ದಿದ್ದು, ಒಂದು ಹೆಬ್ಬೆರಳಿನಷ್ಟು.

ಸೂರ್ಯನ ಮೇಲೂ ಸಂಶಯ ಪಡ್ತಿದ್ದ ದುಚ್ಚೋ ದಿನಾ ಆ ರೊಟ್ಟೀನೇ ಮುರಿದು ತಿಂತಿದ್ದ, ನಮ್ಮನೆ ರೊಟ್ಟಿ ಚಿನ್ನ ಕಣವ್ವ ಅಂತ ಹೊಗಳ್ತಿದ್ದ, ಇನ್ನೊಂದು ಹಾಕಿಸ್ಕೊಳ್ತಿದ್ದ.

ಹೀಗಿರುವಾಗ ಒಂದಿನ ಕುದುರೆಯ ಜೀನು ಹರಿದುಹೋಯ್ತು. ಏರಿ ಇಳಿದು, ಏರಿ ಇಳಿದು ಇನ್ನೇನಾಗುತ್ತೆ. ಜೀನು ಹೊಲಿಯೋನ ಮನೆಗೆ ಹೋದ, ಅವನು ಊಟಕ್ಕೆ ಕೂತಿದ್ದ, ಬನ್ನಿ ಸಾಹುಕಾರ್ರೆ, ಒಂದು ತುಂಡು ತಗೊಳ್ಳಿ ಅಂತ ರೊಟ್ಟಿ ಮುರಿದು ಕೊಟ್ಟ. ದುಚ್ಚೋ ಬಾಯಿಗಿಟ್ಟ, ಥೂ ಅಂತ ಉಗಿದ. ಏನಯ್ಯ ಇದು, ಇದ್ದಿಲು ತಿನ್ನಿಸ್ತೀಯಲ್ಲ ಅಂದ. ಜೀನಿನವನು ನಕ್ಕ. ಅಷ್ಟು ದೊಡ್ಡ ಒಲೇಲಿ ಅಂಚಿಗೆ ಬಿದ್ದಿದ್ದು ಸೀಯೋದೇ ಅಲ್ವಾ ಬುದ್ಧಿ, ಇವತ್ತು ನಮ್ಮದು, ನಾಳೆ ಪಕ್ಕದವರದ್ದು, ವಾರಕ್ಕೊಂದು ಸಲ ಎಲ್ಲರ ಮನೇದೂ ಸೀಯುತ್ತೆ, ಯಾಕೆ, ನಿಮ್ಮನೇದು ಸೀಯಲ್ವಾ ಅಂತ ಕೇಳಿದ.

ಅಷ್ಟೇ. ದುಚ್ಚೋ ಕೈಲಿದ್ದ ತುಂಡನ್ನ ತಿರುವಿ ತಿರುವಿ ನೋಡಿದ. ಮದುವೆಯಾದಾಗಿಂದ ನಮ್ಮನೆ ರೊಟ್ಟಿ ಒಂದು ದಿನಾನೂ ಸೀದಿಲ್ಲ. ಯಾಕೆ ಸೀದಿಲ್ಲ? ಬೆಂಕಿಗೆ ನಮ್ಮನೆ ಅಂದ್ರೆ ಯಾಕಿಷ್ಟು ಮರ್ಯಾದೆ? ಜೀನು ಅಲ್ಲೇ ಬಿಟ್ಟು, ಕುದುರೇನೂ ಮರೆತು, ಬೀದಿ ಈ ತುದಿಯಿಂದ ಆ ತುದಿಗೆ ನಡೆದ, ಆ ತುದಿಯಿಂದ ಈ ತುದಿಗೆ ನಡೆದ, ಅವನು ನಡೆದ ನಡಿಗೆಗೆ ಬೀದಿಯ ಕಲ್ಲು ಚಪ್ಪಡಿ ಸವೆದು ಗುಂಡಿ ಬಿದ್ದು, ಮುಂದೆ ಮಳೆಗಾಲದಲ್ಲಿ ಅದರಲ್ಲಿ ಬಾತುಕೋಳಿ ಈಜ್ತಿದ್ದವಂತೆ. ನಡೆದೂ ನಡೆದೂ ಕೊನೆಗೆ ಒಂದು ಉಪಾಯ ಹೊಳೀತು.

ಬೆಳಗಾಗ್ತಿದ್ದ ಹಾಗೇ ಜೀನಿನವನ ಹೆಂಡತೀನ ಬೇಡಿ ಅವರ ಮನೆಯ ಲಾಳದ ಅಚ್ಚನ್ನ ಒಂದಿನಕ್ಕೆ ಅಂತ ಕೇಳಿದ. ಗಂಡಸು ಮುಟ್ಟಬಾರದಲ್ಲ, ಅವಳು ಅದನ್ನ ಬಟ್ಟೇಲಿ ಸುತ್ತಿ ಕೊಟ್ಟಳು, ಇವನು ಮನೆಗೆ ಓಡಿ ಬಂದ. ಲೂಚಿಯಾ ಹಿಟ್ಟು ನಾದಿ, ಉಂಡೆ ಕಟ್ಟಿ, ಟಗರಿನ ಅಚ್ಚು ಕೈಗೆತ್ತಿಕೊಂಡು ಇನ್ನೇನು ಒತ್ತಬೇಕು. ಬೇಡ, ಇವತ್ತು ಇದು ಬೇಡ ಅಂತ ಅವಳ ಕೈಯಿಂದ ಟಗರಿನ ಅಚ್ಚು ಕಿತ್ಕೊಂಡು, ಲಾಳದ ಅಚ್ಚು ಮುಂದಿಟ್ಟು, ಇದನ್ನ ಒತ್ತು ಅಂದ. ಲೂಚಿಯಾ ಕಣ್ಣು ಇಷ್ಟಗಲ ಆಯ್ತು. ಮೂಲೇಲಿ ಕೂತು ಕಾಳು ಸುಲೀತಿದ್ದ ಅಗ್ನೇಸಾ ಕೈಯಿಂದ ಕಾಳು ಜಾರಿ ಬಿತ್ತು.

ಏ ದುಚ್ಚೋ, ಏನು ಮಾಡಿದೆ ಗೊತ್ತೇನೋ ಅಂದಳು.

ಆಮೇಲೆ ಹೇಳವ್ವ, ಆಮೇಲೆ ಅಂತ ಅವನು ಆಗಲೇ ಬಾಗಿಲ ಹತ್ತಿರ. ಅವನ ತಲೇಲಿ ಅಚ್ಚೂ ಇಲ್ಲ, ಕಟ್ಟಳೇನೂ ಇಲ್ಲ, ಸೀಯುತ್ತೋ ಇಲ್ವೋ ಅನ್ನೋದೊಂದೇ. ಲೂಚಿಯಾ ಲಾಳ ಒತ್ತಿದಳು, ಯಾವತ್ತಿನ ಹಾಗೆ ಮೂಲೆ ರೊಟ್ಟಿಗೆ ಅಡಿಯಲ್ಲಿ ಹೆಬ್ಬೆರಳೂ ಒತ್ತಿದಳು. ದುಚ್ಚೋ ಹೇಳಿದ ಹಾಗೆ ಜೀನಿನವನ ಹೆಂಡತಿ ಬಂದು, ತನ್ನ ಮನೇದು ಅನ್ನೋ ಹಾಗೆ ಹಲಗೆ ಹೊತ್ಕೊಂಡು ಹೋದಳು. ಮಧ್ಯಾಹ್ನಕ್ಕೆ ರೊಟ್ಟಿ ಬಂತು, ಲಾಳದ ಗುರುತು, ಹೊಂಬಣ್ಣ, ಒಂದು ಚುಕ್ಕೆ ಕಪ್ಪಿಲ್ಲ. ನಮ್ಮ ಅಚ್ಚಿನ ರೊಟ್ಟಿ ಇಷ್ಟು ಚೆನ್ನಾಗಿ ಯಾವತ್ತೂ ಬೆಂದಿಲ್ಲ ಬುದ್ಧಿ ಅಂತ ಅವಳು ಬೇರೆ ಹೊಗಳಿದಳು. ದುಚ್ಚೋಗೆ ಹೊಟ್ಟೆಯೊಳಗಿನ ಇರುವೆಗೆಲ್ಲ ರೆಕ್ಕೆ ಬಂದ ಹಾಗಾಯ್ತು. ಅಚ್ಚು ಬದಲಾದ್ರೂ ಆ ಒಲೆಯವನು ಕಂಡುಹಿಡಿದನಲ್ಲ.

ಆಮೇಲೆ ಎರಡನೇ ಪರೀಕ್ಷೆ. ಮಾರನೇ ದಿನ ಲೂಚಿಯಾನ ಉಣ್ಣೆ ಕೋಣೇಲಿ ಕೂಡಿ ಚಿಲಕ ಹಾಕಿ, ಅವ್ವ, ಇವತ್ತು ನೀನೇ ನಾದು, ನೀನೇ ಟಗರಿನ ಅಚ್ಚು ಒತ್ತು, ನೀನೇ ತಗೊಂಡು ಹೋಗು ಅಂದ. ಅಗ್ನೇಸಾ ಗೊಣಗ್ತಾ ನಾದಿದಳು. ನಾದ್ತಾ ನಾದ್ತಾನೇ, ಮಗನೆ, ನಿನ್ನೆ ಆ ಅಚ್ಚಿನ ವಿಷಯ, ಒಂದು ಗಳಿಗೆ ಕೂತು ಕೇಳು ಅಂದಳು. ಕೂರೋದಂತೆ, ಅವನು. ಆಮೇಲೆ ಅವ್ವ, ಹಿಟ್ಟು ಒಣಗುತ್ತೆ ಅಂದ. ಸರಿ, ಮುದುಕಿ ಹೋದಳು, ಬಂದಳು. ರೊಟ್ಟಿ ಒಂದು ಮಗ್ಗುಲು ಪೂರಾ ಕರಕಲು.

ಏನವ್ವ ಇದು ಅಂದ.

ಏನು ಅಂದ್ರೆ, ರೊಟ್ಟಿ. ನಾನು ನಾದಿದ್ದು ನಿಮ್ಮಪ್ಪನ ಕಾಲದಿಂದಲೂ ಹೀಗೇ ಸೀಯೋದು, ಅವರು ಮಾತಾಡದೆ ತಿನ್ನೋರು, ನೀನೂ ತಿನ್ನು ಅಂದಳು.

ದುಚ್ಚೋ ಆ ಕರಕಲನ್ನ ಅಗಿದ. ಕಹಿ ಅವನಿಗೆ ಗೊತ್ತಾಗಲೇ ಇಲ್ಲ. ಆ ಒಲೆಯವನಿಗೆ ನನ್ನ ಹೆಂಡತಿಯ ಕೈ ಗೊತ್ತು. ನಾನು ಅವಳ ಪಕ್ಕ ಕೂತು ಇಷ್ಟು ದಿನ ಉಂಡಿದೀನಿ, ಎರಡು ಉಂಡೆ ಮುಂದಿಟ್ಟು ಯಾವುದು ಅವಳದ್ದು ಅಂದ್ರೆ ನಂಗೆ ಹೇಳೋಕೆ ಬರಲ್ಲ. ಅವನಿಗೆ ಬರುತ್ತೆ. ಹೀಗಂದುಕೊಂಡಾಗ ಅವನಿಗೆ ಅಳು ಬಂತು, ಅಳು ಬಂದಿದ್ದಕ್ಕೆ ನಾಚಿಕೆ ಆಯ್ತು, ನಾಚಿಕೆಗೆ ಸಿಟ್ಟು ಬಂತು. ಎದ್ದ, ಗುಡ್ಡದ ದಾರಿಗೆ ಹೋದ, ಮೂರು ಗೋರಿ ಸುತ್ತಿದ, ನಾಲ್ಕನೇ ಗುಂಡೀನ ಇಣುಕಿ ನೋಡಿದ. ಈ ಗುಂಡಿಗೆ ಇಬ್ಬರು ಬೇಡ, ಅವನೊಬ್ಬ ಹೋದ್ರೆ ಸಾಕು, ಅವಳು ನನ್ನ ಮನೇಲಿ ಉಳೀಬೇಕು ಅಂದ್ಕೊಂಡ. ಅಂದ್ಕೊಂಡು ಮನೆಗೆ ಬಂದು ಉಣ್ಣೆ ಕೋಣೆಗೆ ಇಳಿದು, ಚಿಲಕ ತೆಗೆದು ಲೂಚಿಯಾನ ಮೇಲಕ್ಕೆ ಕಳಿಸಿದ. ಅಲ್ಲಿ ಇಲಿಗೆ ಅಂತ ತಂದಿಟ್ಟ ಪಾಷಾಣ ಇತ್ತು.

ಮೂರನೇ ದಿನ ಲೂಚಿಯಾನೇ ನಾದಿದಳು, ಉಂಡೆ ಕಟ್ಟಿದಳು, ಅಚ್ಚು ಒತ್ತಿದಳು, ಮೂಲೆ ರೊಟ್ಟಿಗೆ ಹೆಬ್ಬೆರಳೂ ಒತ್ತಿದಳು. ಒಳಗೆ ಹೋಗಿ ನನ್ನ ಟೋಪಿ ತಗೊಂಡು ಬಾ ಅಂತ ದುಚ್ಚೋ ಅವಳನ್ನ ಕಳಿಸಿದ. ಟೋಪಿ ಅವನ ತಲೆ ಮೇಲೇ ಇತ್ತು, ಮಗಾ, ಅಷ್ಟು ಗಲಿಬಿಲಿ. ಅವಳು ಹುಡುಕೋದರೊಳಗೆ ಮೂಲೆ ರೊಟ್ಟೀನ ಎತ್ತಿ, ಪಾಷಾಣ ಸುರಿದು, ಮತ್ತೆ ಮಿದ್ದು, ಉಂಡೆ ಮಾಡಿ, ಟಗರು ಒತ್ತಿ, ಗುಮಾನಿ ಬರಬಾರದು ಅಂತ ಅಡಿ ಮೇಲೆಲ್ಲ ಅಂಗೈಯಿಂದ ಸವರಿ ಸವರಿ ಕನ್ನಡಿ ಹಾಗೆ ನಯ ಮಾಡಿ ಇಟ್ಟ. ಅಗ್ನೇಸಾ ಬಂದಳು ಹಲಗೆ ಎತ್ತೋಕೆ. ಮಗನೆ, ಇವತ್ತಾದರೂ ಕೇಳ್ತೀಯೇನೋ, ಆ ಅಚ್ಚು, ಅಂತ ಶುರು ಮಾಡಿದಳು. ಹೋಗವ್ವ, ಒಲೆ ಆರುತ್ತೆ ಅಂತ ಅವಳನ್ನ ದಬ್ಬಿದ ಹಾಗೇ ಕಳಿಸಿದ.

ಈಗ ಅವನ ಅವಸ್ಥೆ ಕೇಳು. ಕೂರ್ತಾನೆ, ಏಳ್ತಾನೆ. ಬಾಗಿಲಿಗೆ ಬರ್ತಾನೆ, ಒಳಗೆ ಹೋಗ್ತಾನೆ. ಒಲೆ ಕಡೆಯಿಂದ ಯಾರಾದ್ರೂ ಕೂಗ್ತಾರಾ ಅಂತ ಕಿವಿ ಕೊಡ್ತಾನೆ, ನಾಯಿ ಬೊಗಳಿದ್ರೆ ಬೆಚ್ಚಿಬೀಳ್ತಾನೆ. ಗಾಳೀಲಿ ರೊಟ್ಟಿ ವಾಸನೆ ತೇಲಿ ಬಂತು, ಊರಿಗೆಲ್ಲ ಹಸಿವಾಯ್ತು, ಅವನೊಬ್ಬ ಮೂಗು ಮುಚ್ಕೊಂಡ. ಲೂಚಿಯಾ ಸಾರಿಗೆ ಕಾಳು ಬೇಯಿಸ್ತಾ ಅವನನ್ನೇ ನೋಡ್ತಿದ್ದಳು. ಟೋಪಿ ಸಿಗಲಿಲ್ಲ ಅಂದಳು. ಇರಲಿ ಅಂದ. ನಿಮ್ಮ ತಲೆ ಮೇಲಿದೆ ಅಂದಳು. ಇರಲಿ ಬಿಡು ಅಂದ.

ಅತ್ತ ಒಲೆ ಹತ್ತಿರ ಏನಾಯ್ತು ಅಂದ್ರೆ, ವನ್ನಿ ಹಲಗೆ ಇಳಿಸ್ಕೊಂಡು ಮೂಲೆ ರೊಟ್ಟಿ ತಿರುವಿ ನೋಡಿದ. ಗುಳಿ ಇಲ್ಲ. ಬೇರೇದು ಮೂಲೆಗೆ ಬಂದಿರಬೇಕು ಅಂತ ಒಂದೊಂದಾಗಿ ಎಲ್ಲಾ ತಿರುವಿ ಹಾಕಿದ, ಯಾವುದರಲ್ಲೂ ಇಲ್ಲ. ಅಮ್ಮ, ಇವತ್ತು ಯಾರು ನಾದಿದ್ದು ಅಂತ ಅಗ್ನೇಸಾನ ಕೇಳಿದ. ಯಾರು ಅಂದ್ರೆ, ಹುಡುಗೀನೇ ಅಂದಳು. ಅವಳೇ ನಾದಿದಾಳೆ, ಗುಳಿ ಒತ್ತಿಲ್ಲ. ಸಾಕು ಅಂತಿದಾಳೆ ಅಂದ್ಕೊಂಡ. ಆದ್ರೂ ರೊಟ್ಟೀನ ನಡುವೇನೇ ಇಟ್ಟ, ಹೊಂಬಣ್ಣಕ್ಕೆ ಬೇಯಿಸಿದ, ತೆಗೆದು ಹಲಗೆ ಮೇಲೆ ಕೈಗೆ ಸಿಕ್ಕ ಹಾಗೆ ಹಿಂದುಮುಂದಾಗಿ ಜೋಡಿಸಿದ, ತನ್ನ ಪಾಲು ತಗೊಳ್ಳಲಿಲ್ಲ. ಕೊಡದೆ ಇದ್ದಿದ್ದನ್ನ ಹೇಗೆ ತಗೊಳ್ಳಲಿ ಅಂತ ಮುಖ ತಿರುಗಿಸಿ ಕೂತ.

ಅಗ್ನೇಸಾ ಮನೆಗೆ ಬಂದು ಹಲಗೆ ಇಳಿಸಿದಳು. ಆ ಒಲೆ ಹುಡುಗನಿಗೆ ಏನಾಗಿದೆಯೋ ಏನೋ, ಇವತ್ತು ತನ್ನ ಪಾಲಿನ ರೊಟ್ಟೀನೇ ಮುಟ್ಟಲಿಲ್ಲ, ಎಲ್ಲಾ ವಾಪಸ್ ಕಳಿಸಿದಾನೆ, ಬನ್ನಿ ಊಟಕ್ಕೆ ಅಂದಳು.

ದುಚ್ಚೋ ಹಲಗೆ ಕಡೆ ನೋಡಿದ. ಎಲ್ಲಾ ಒಂದೇ ಗಾತ್ರ. ಎಲ್ಲಾ ಹೊಂಬಣ್ಣ. ಎಲ್ಲದರ ಮೇಲೂ ಅದೇ ಟಗರು, ಅವನನ್ನೇ ನೋಡ್ತಿದ್ದ ಹಾಗೆ. ಅವನೇ ಅಷ್ಟು ನಯ ಮಾಡಿ ಇಟ್ಟಿದ್ದ ಉಂಡೆ ಯಾವುದು ಅಂತ ಈಗ ದೇವರಿಗೂ ಗೊತ್ತಿಲ್ಲ.

ಅಗ್ನೇಸಾ ಒಂದು ಎತ್ತಿ ಮುರಿದು ಸಾರಲ್ಲಿ ಅದ್ದಿದಳು, ಹಲ್ಲಿಲ್ಲದ ಬಾಯಿ, ಅದ್ದಿಯೇ ತಿನ್ನಬೇಕು. ದುಚ್ಚೋ ನೆಗೆದು ಕಿತ್ಕೊಂಡ. ಇದು ಬೆಂದಿಲ್ಲ ಅವ್ವ ಅಂದ. ಲೂಚಿಯಾ ಇನ್ನೊಂದು ತಗೊಂಡಳು, ಅದನ್ನೂ ಕಿತ್ಕೊಂಡ. ಇದರಲ್ಲಿ ಕೂದಲಿದೆ ಅಂದ. ಅವಳು ಅವನ ಮುಖ ನೋಡ್ತಾ ನೋಡ್ತಾನೇ ಮೂರನೇದಕ್ಕೆ ಕೈ ಹಾಕಿ, ಬಾಯಿ ಹತ್ತಿರ ತಂದಳು. ಅವನು ಅವಳ ಕೈ ಹಿಡಿದುಬಿಟ್ಟ. ಇದು, ಇದು ನಂಗೆ ಬೇಕು ಅಂದ.

ಸರಿ, ತಗೊಳ್ಳಿ, ತಿನ್ನಿ ಅಂತ ಅವನ ಕೈಗೆ ಕೊಟ್ಟಳು.

ಅವನು ಹಿಡ್ಕೊಂಡು ನಿಂತ. ಬಾಯಿಗೂ ಇಡಲಿಲ್ಲ, ಕೆಳಗೂ ಇಡಲಿಲ್ಲ. ಗುಡ್ಡದ ದಾರಿಯ ಹಾಡುಗಳಲ್ಲಿ ಎಷ್ಟೊಂದು ಗಂಡಂದಿರು ಬರ್ತಾರೆ, ಒಬ್ಬನಾದರೂ ಹೀಗೆ ನಿಂತ ಅಂತ ಯಾರೂ ಹಾಡಿಲ್ಲ. ಸುಮ್ಮನಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ, ಇಲಿ ಪಾಷಾಣ ಹೇಗೋ ಹಿಟ್ಟಿಗೆ ಬಿದ್ದಿತ್ತು ಅಂದ್ರೂ ನಡೆಯುತ್ತೆ. ಆದ್ರೆ ಎದುರಿಗೆ ಅವಳು ನಿಂತಿದಾಳೆ, ಮುಂಗೈಗೆ ಹಿಟ್ಟು ಮೆತ್ಕೊಂಡಿದೆ, ಊಟ ಮಾಡಿಲ್ಲ, ಹಸಿದಿದಾಳೆ. ಅವನು ಆ ರೊಟ್ಟೀನ ಹಲಗೆ ಮೇಲೆ ಎಸೆದ.

ತಿನ್ನಬೇಡಿ ಅಂದ. ಯಾರೂ ಯಾವುದನ್ನೂ ತಿನ್ನಬೇಡಿ. ಒಂದರಲ್ಲಿ ಪಾಷಾಣ ಇದೆ. ನಾನೇ ಹಾಕಿದ್ದು. ಒಲೆಯವನಿಗೆ ಅಂತ ಹಾಕಿದ್ದು, ಯಾವುದು ಅಂತ ನಂಗೇ ಗೊತ್ತಿಲ್ಲ ಅಂತ ನೆಲಕ್ಕೆ ಕುಸಿದ.

ಅಗ್ನೇಸಾ ರೊಟ್ಟಿ ಅದ್ದಿದ್ದ ಸಾರನ್ನ ದೂರ ತಳ್ಳಿದಳು. ಆಮೇಲೆ ಅವನೇ ತಲೆ ಎತ್ತಿ ಲೂಚಿಯಾನ ಕೇಳಿದ, ಆ ಒಲೆಯವನ ಹತ್ತಿರ ಮಾತಾಡಿದ್ಯಾ ಅಂತ. ಲೂಚಿಯಾ ಇಲ್ಲ ಅಂದಳು. ಮದುವೆಯಾದ ಮೇಲೆ ಒಂದು ಮಾತಿಲ್ಲ. ಅವನ ಪಾಲಿನ ರೊಟ್ಟಿಗೆ ಹೆಬ್ಬೆರಳು ಒತ್ತಿ ಕಳಿಸ್ತಿದ್ದೆ, ಅಷ್ಟೇ. ನೀವು ಒಂದು ಕಿಟಕಿ ಬಿಟ್ಟಿದ್ರೆ ಅದನ್ನೂ ಒತ್ತುತ್ತಿರಲಿಲ್ಲವೋ ಏನೋ ಅಂದಳು.

ಆಗ ಅಗ್ನೇಸಾ ಎದ್ದಳು. ಹೋಗಿ ಬೀದಿ ಬಾಗಿಲ ಅಗುಳಿ ತೆಗೆದು, ಬನ್ರೇ, ಎಲ್ಲಾರೂ ಬನ್ನಿ ಅಂತ ಕೂಗಿದಳು. ಅವಳ ಕೂಗಿಗೆ ಗುಡ್ಡದ ಕೆಳಗಿನ ಮೂರೂರಿನ ಹೆಂಗಸರೂ ಒಲೆ ಮೇಲಿನ ಪಾತ್ರೆ ಬಿಟ್ಟು ತಲೆ ಎತ್ತಿದರಂತೆ. ಬೀದಿಯ ಹಿರೇ ಹೆಂಗಸರೆಲ್ಲ ಬಂದು ತುಂಬಿಕೊಂಡರು. ಅಗ್ನೇಸಾ ಮಗನ ಎದುರಿಗೆ ನಿಂತು, ಮೂರು ದಿನದಿಂದ ಹೇಳೋಕೆ ಬರ್ತಿದೀನಿ, ಆಮೇಲೆ ಆಮೇಲೆ ಅಂದೆ, ಈಗ ಕೂತಿದೀಯಲ್ಲ, ಕೇಳು ಅಂದಳು. ಮೊನ್ನೆ ಇವಳ ಕೈಯಿಂದ ಅಚ್ಚು ಕಿತ್ಕೊಂಡಿದ್ದು ಯಾರು ಅಂತ ಕೇಳಿದಳು. ದುಚ್ಚೋ ತನ್ನ ಕೈ ಎರಡನ್ನೂ ನೋಡ್ಕೊಂಡ. ನಾನೇ ಅಂದ. ಕೈಯಾರೆ ತಾನೆ ಅಂದಳು. ಹೌದು ಅವ್ವ ಅಂದ. ಹಂಗಾದ್ರೆ ಇವಳು ಮೊನ್ನೇನೇ ನಿನ್ನ ಹೆಂಡತಿ ಅಲ್ಲ ಕಣೋ, ಈ ಮೂರು ದಿನ ನೀನು ಬೇರೆಯವರ ಮನೆ ಹುಡುಗೀನ ಕೂಡಿ ಹಾಕಿ ಅವಳಿಂದ ಹಿಟ್ಟು ನಾದಿಸಿದೀಯ ಅಂದಳು. ಹಿರೇ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಹೌದು, ಮುರೀತು, ಹಾಗೇ ಅಲ್ವಾ ಕಟ್ಟಳೆ ಇರೋದು ಅಂದರು.

ದುಚ್ಚೋ ಈಗ ಕೈ ಎರಡನ್ನೂ ಬೆನ್ನಿಗೆ ಕಟ್ಕೊಂಡ. ಯಾರೂ ಕದಿಯಬಾರದು ಅಂತ ಕಿಟಕಿಗೆಲ್ಲ ಗಾರೆ ಹಾಕಿ ಕಾಯ್ದದ್ದನ್ನ ತಾನೇ ಬಾಗಿಲು ತೆರೆದು ಕಳಿಸಿದ ಹಾಗಾಗಿತ್ತು. ಲೂಚಿಯಾ ಏನೂ ತಗೊಳ್ಳಲಿಲ್ಲ, ತವರಿಂದ ತಂದಿದ್ದ ಹುಳಿ ಹಿಟ್ಟಿನ ಗಡಿಗೆ ಒಂದನ್ನ ಕಂಕುಳಲ್ಲಿ ಇಟ್ಕೊಂಡಳು. ಅತ್ತೆಯ ಕಾಲು ಮುಟ್ಟಿದಳು. ಮುದುಕಿ ಅವಳ ಕೆನ್ನೆ ಸವರಿ, ನಂಗೆ ಅತ್ತೆಯಾದವಳು ಅವತ್ತು ಹೀಗೆ ಬಾಗಿಲು ತೆಗೀಲಿಲ್ಲ ಕಣೇ, ಹೋಗು ಅಂದಳು. ಹೊಸ್ತಿಲಲ್ಲಿ ಲೂಚಿಯಾ ಒಂದು ಸಲ ತಿರುಗಿದಳು. ಹೇಳಿಬಿಟ್ರಲ್ಲ, ಅದೊಂದು ಒಳ್ಳೇದಾಯ್ತು ಅಂತ ದುಚ್ಚೋಗೆ ಅಂದು ಬಿಸಿಲಿಗೆ ಇಳಿದಳು.

ಅಗ್ನೇಸಾ ಅಷ್ಟಕ್ಕೇ ಬಿಡಲಿಲ್ಲ. ಆ ರೊಟ್ಟಿ ಹಲಗೇನ ಮಗನ ತಲೆ ಮೇಲೇ ಹೊರಿಸಿದಳು. ಅವನು ಊರೆಲ್ಲ ನೋಡ್ತಿರುವಾಗ ಗುಡ್ಡದ ದಾರಿ ಇಳಿದು, ನಾಲ್ಕನೇ ಗುಂಡಿಗೆ ರೊಟ್ಟಿ ಸುರಿದು, ತನ್ನ ಕೈಯಿಂದಲೇ ಮಣ್ಣು ಎಳೆದು ಮುಚ್ಚಿದ. ಹೀಗೆ ಆ ಗುಂಡಿಗೆ ಮನುಷ್ಯರು ಬೀಳದೆ ರೊಟ್ಟಿ ಬಿತ್ತು. ಈಗಲೂ ಅಲ್ಲಿ ಮೂರು ಗೋರಿ ಪಕ್ಕ ಒಂದು ರೊಟ್ಟಿ ಗೋರಿ ಇದೆಯಂತೆ, ಅದರ ಮೇಲೆ ಇರುವೆ ಕೂಡ ಓಡಾಡಲ್ಲವಂತೆ.

ಇತ್ತ ಲೂಚಿಯಾ ನೇರ ಊರ ಒಲೆಗೆ ಹೋದಳು. ವನ್ನಿ ಬೆನ್ನು ತಿರುಗಿಸಿ ಕೂತಿದ್ದ. ನಿನ್ನ ಪಾಲು ಯಾಕೆ ತಗೊಳ್ಳಲಿಲ್ಲ ಅಂತ ಕೇಳಿದಳು. ಆ ಸ್ವರ ಕೇಳಿ ಅವನಿಗೆ ತಿರುಗೋಕೆ ಧೈರ್ಯ ಬರಲಿಲ್ಲ. ಗುರುತು ಇರಲಿಲ್ಲ ಅಂದ. ಅವಳು ಅವನ ಮುಂದೆ ಬಂದು ಕೂತು, ಅವನ ಅಂಗೈ ಬಿಡಿಸಿ, ನಡುವೆ ತನ್ನ ಹೆಬ್ಬೆರಳು ಒತ್ತಿ ಹಿಡಿದಳು. ಈಗ ಇದೆಯಾ ನೋಡು ಅಂದಳು. ಅಷ್ಟು ಮಾತಿನ ಹುಡುಗ, ಮೂರು ದಿನ ಒಂದು ಮಾತು ಆಡಲಿಲ್ಲವಂತೆ, ಊರವರೇ ಬಂದು ಬಂದು ವಿಚಾರಿಸಿದರಂತೆ.

ಆಮೇಲೆ ಅವರಿಬ್ಬರೂ ಮದುವೆಯಾಗಿ ಒಲೆ ಪಕ್ಕದ ಮನೇಲೇ ಇದ್ದರು, ಹಲಗೆ ಮೇಲಿನ ರೊಟ್ಟಿ ಹಾಗೆ ಸಾಲಾಗಿ ಮಕ್ಕಳಾದವು. ಲೂಚಿಯಾ ಅಲ್ಲಿಗೆ ಹೋದ ಮೇಲೆ ಒಂದು ಹೊಸ ಕ್ರಮ ಮಾಡಿದಳು. ಒಲೆಯ ನಡುವಿನ ಜಾಗ ಯಾರೊಬ್ಬರದೂ ಅಲ್ಲ, ದಿನಕ್ಕೊಂದು ಮನೆಗೆ, ಸರದಿ ಮೇಲೆ.

ದುಚ್ಚೋ ಕಿಟಕಿಗಳ ಇಟ್ಟಿಗೆ ತಾನೇ ಒಡೆದ. ಆಳುಗಳನ್ನ ಕರೆಸಿ ಸಂತನ ಮುಖಾನ ಬೀದಿಗೆ ತಿರುಗಿಸಿದ. ಅಷ್ಟು ದಿನ ಗೋಡೆ ನೋಡಿ ನೋಡಿ ಸಂತನಿಗೆ ಮೆಳ್ಳಗಣ್ಣು ಬಂದಿತ್ತಂತೆ. ಕಾಯೋಕೆ ಏನೂ ಉಳೀಲಿಲ್ಲ, ಆದ್ರೂ ಅವನ ಕಾಲು ನಿಲ್ಲಲಿಲ್ಲ, ಖಾಲಿ ಮನೇಲೇ ಅಟ್ಟ ಹತ್ತಿ ಇಳೀತಿದ್ದ. ಕುದುರೆ ಮಾತ್ರ ಊರ ಬಾಗಿಲು ದಾಟೋದು ಕಲೀತು. ಅವ್ವ ನಾದಿದ ರೊಟ್ಟಿ, ಅವ್ವನ ಮೇಲೆ ಒಲೆಗೇನೂ ಪ್ರೀತಿ ಇಲ್ಲ, ವಾರವೆಲ್ಲ ಸೀದೇ ಬರ್ತಿತ್ತು, ಅವನು ಮಾತಾಡದೆ ತಿಂತಿದ್ದ.

ಹೀಗೆ ಇರ್ತಾ ಇರ್ತಾ ಒಂದು ಮಧ್ಯಾಹ್ನ ಅಗ್ನೇಸಾ ಹಲಗೆ ತಂದು ಇಳಿಸಿದಳು. ಹೊಂಬಣ್ಣ. ಒಂದು ಚುಕ್ಕೆ ಕಪ್ಪಿಲ್ಲ. ದುಚ್ಚೋ ಎದೆ ಹಳೇ ಅಭ್ಯಾಸಕ್ಕೆ ಢವ ಅಂತು. ಏನವ್ವ ಇದು ಅಂದ. ಏನೂ ಇಲ್ಲ ಕಣೋ, ಇವತ್ತು ನಮ್ಮ ಸರದಿ ಅಂತೆ, ಆ ಹುಡುಗಿ ಹೇಳಿ ಕಳಿಸಿದಾಳೆ, ಬಿಸಿ ಇರುವಾಗಲೇ ತಿನ್ನಬೇಕಂತೆ ಅಂದಳು. ಅವನು ಒಂದು ರೊಟ್ಟಿ ತಗೊಂಡು ತಿರುವಿ ಅಡಿ ನೋಡಿದ. ಯಾವ ಗುರುತೂ ಇಲ್ಲ. ಬರೀ ರೊಟ್ಟಿ. ಎಲ್ಲರ ಮನೆಗೂ ಹೋಗೋ ಹಾಗೆ ಇವನ ಮನೆಗೂ ಬಂದಿದ್ದ ರೊಟ್ಟಿ. ಮುರಿದ, ಹಬೆ ಬಂತು, ಕಿಟಕಿ ಪಕ್ಕ ಕೂತು ಒಂದು ಚೂರೂ ಬಿಡದೆ ತಿಂದ. ತಿಂದು ಏಳಬೇಕು ಅಂತ ಅವನಿಗೆ ನೆನಪೇ ಆಗಲಿಲ್ಲ. ಕೂತ ಕಡೇನೇ, ಗೋಡೆಗೆ ಒರಗಿ, ಟೋಪಿ ಕಣ್ಣಿಗೆ ಜಾರಿ, ಹಾಗೇ ನಿದ್ದೆ ಹೋದ. ಶಬ್ದ ಮಾಡಬೇಡ್ರೇ, ನನ್ನ ಮಗ ಕೂತಿದಾನೆ ಅಂತ ಅಗ್ನೇಸಾ ಬೀದಿಯವರಿಗೆಲ್ಲ ಸನ್ನೆ ಮಾಡಿದಳಂತೆ.

ಅವನು ಮಲಗಿದ್ದು ನೋಡಿ ಕುದುರೆ ಮಲಗಿತು, ಕುದುರೆ ನೋಡಿ ಇಲಿಗಳೂ ಮಲಗಿದವು, ವನ್ನಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದ. ನಿನ್ನ ಕಣ್ಣೂ ಮುಚ್ಕೊಂಡಿದೆ, ಅಲ್ವಾ. ಒಲೆ ಆರ್ತು, ಕತೆ ಮುಗೀತು.